ಸಪ್ಪಳ ಮಾಡದ ಗುಳಿಗೆ

ಬಳ್ಳಾರಿ ಆಸ್ಪತ್ರೆಯ ಆಪ್ತ ಸಮಾಲೋಚಕಿ ಶಾಂಭವಿ ಗುಳಿಗೆ ಬಾಟಲಿಯ ಜೊತೆ ಒಂದು ಉಂಡೆ ಹತ್ತಿಯನ್ನೂ ಕೊಟ್ಟಳು. "ಬಾಟಲಿಯೊಳಗ ತುರುಕ್ಕೊಳ್ಳವಾ ಹುಲುಗಮ್ಮ. ಬಸ್ಸಿನಾಗ ಗುಳಿಗಿ ಗಡಗಡ ಅಂದ್ರ ಮಂದಿ ಕೇಳ್ತಾರ. ಎಲ್ಲಾರೂ ಹಂಗ ಮಾಡ್ತಾರ."

ಹುಲುಗಮ್ಮನ ಕೈ ಅಲ್ಲೇ ನಿಂತಿತು. ಬಸುರಿಯಾದ ತನಗೆ ಎಚ್‌ಐವಿ ಇದೆ ಎಂದು ಕೇಳಿದಾಗಲೂ ಹೀಗಾಗಿರಲಿಲ್ಲ. ದಿನಾ ತಪ್ಪದೆ ನುಂಗಿದರೆ ಕೂಸಿಗೆ ಬರದಂತೆ ತಡೆಯಬಹುದು ಎಂದಾಗ ಅಳು ನುಂಗಿಕೊಂಡಿದ್ದಳು. ಆದರೆ ಈ ಹತ್ತಿಯನ್ನು ಎಲ್ಲೋ ನೋಡಿದ್ದಳು. ಎಲ್ಲೋ ಏನು ಬಂತು, ಮನೆಯಲ್ಲೇ. ಗೋವಾದಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿ ಬರುವ ಗಂಡ ಜಡೆಪ್ಪನ ಚೀಲದಲ್ಲಿ ಚೀಟಿ ಕಿತ್ತ ಬಾಟಲಿ, ಬಾಯಿತುಂಬ ಹತ್ತಿ. ಲಗ್ನದ ಹೊಸತರಲ್ಲಿ ಕೇಳಿದರೆ "ಶಕ್ತಿ ಗುಳಿಗಿ" ಅಂದಿದ್ದ. ಶಕ್ತಿಯಂತೆ, ಅವನ ತಲೆ.

ಸಿರುಗುಪ್ಪ ಬಸ್ಸಿನಲ್ಲಿ ಹಲ್ಲು ಕಚ್ಚಿ ಕೂತು ಗಂಡನ ಊರು ಹಚ್ಚೊಳ್ಳಿ ಮುಟ್ಟಿದಳು. ಅತ್ತೆ ಸಾವಂತ್ರಮ್ಮ ರೊಟ್ಟಿ ಬಡಿಯುತ್ತಿದ್ದಳು, ಜಡೆಪ್ಪ ಉಣ್ಣುತ್ತಿದ್ದ. ಹುಲುಗಮ್ಮ ಆಸ್ಪತ್ರೆಯಲ್ಲಿ ಕೇಳಿದ್ದನ್ನು ಇದ್ದಂತೆ ಹೇಳಿದಳು.

"ನಿನ್ನ ತವರು ಕುರುಗೋಡಿಂದ ಹೊತ್ಕೊಂಡು ಬಂದೀಯೇನ ಇದನ್ನ," ಎಂದು ಅತ್ತೆ ಎದ್ದಳು. "ನಿನ್ನ ಬಸುರಿನ ಕುಬುಸದ ಕಾರ್ಯಕ್ಕ ಬೀಗರನ್ನ ಕರದೀವಿ. ಆ ಗುಳಿಗಿ ಕಾಲುವಿಗೆ ಒಗದು ತವರಿಗೆ ನಡಿ."

ಜಡೆಪ್ಪ ತುತ್ತು ನಿಲ್ಲಿಸಲಿಲ್ಲ, ಭೂಪ.

ಹುಲುಗಮ್ಮ ಅವನ ಚೀಲದಿಂದ ಬಾಟಲಿ ತಂದು ತಾಟಿನ ಮುಂದೆ ಕುಕ್ಕಿದಳು. "ಇದು ಎಲ್ಲಿಂದ ಬಂತು, ನಿಮ್ಮವ್ವಗ ಹೇಳ್ರಿ."

"ಗೋವಾದಾಗ ಗೊತ್ತಾತು. ಲಗ್ನಕ್ಕ ಮೊದಲ," ಅಂದ ಜಡೆಪ್ಪ ಗೊಣಗುತ್ತ. "ಹೇಳಿದ್ರ ಯಾರು ಹೆಣ್ಣು ಕೊಡ್ತಿದ್ರು?"

"ನುಂಗೂದರ ನೆಟ್ಟಗ ನುಂಗಿದ್ರಾ? ಬಾಟಲಿ ತುಂಬಿದ್ದು ತುಂಬಿದಂಗ ಐತಿ."

ಸಾವಂತ್ರಮ್ಮನ ಮುಖ ಕಪ್ಪಿಟ್ಟಿತು. ಆದರೂ ಎಷ್ಟು ಹೊತ್ತು? ದನಿ ತಗ್ಗಿಸಿದಳು. "ದುಡಿಯಾಕ ಹೋದ ಗಂಡಸು, ಏನರ ಆಗಿರತೈತಿ. ಕಾರ್ಯ ಮುಗಿಯೂತನ ನೀ ಆ ಗುಳಿಗಿ ಮುಟ್ಟಬ್ಯಾಡ." ಸೊಸೆಯ ಬಾಟಲಿ ಕಸಿದು, ಹತ್ತಿಯನ್ನು ಹೆಬ್ಬೆರಳಿನಿಂದ ಇನ್ನಷ್ಟು ಒತ್ತಿದಳು.

ರೋಗ ತಂದವನಿಗೆ ಬಿಸಿ ರೊಟ್ಟಿ, ಹೊಟ್ಟೆಯೊಳಗಿನ ಕೂಸಿಗೆ ಮಾತ್ರ ಗುಳಿಗೆ ಬೇಡ. ಹುಲುಗಮ್ಮ ಬಾಟಲಿ ಕಿತ್ತುಕೊಂಡು ಎರಡರ ಹತ್ತಿಯನ್ನೂ ಒಲೆಗೆ ಎಸೆದಳು. ಗಂಡನ ತಂಬಿಗೆ ನೀರಿನಲ್ಲೇ ತನ್ನ ಗುಳಿಗೆ ನುಂಗಿದಳು. ಆಮೇಲೆ ಹೊಸ್ತಿಲಿಗೆ ಹೋಗಿ, ಎರಡೂ ಬಾಟಲಿ ಹಿಡಿದು ಜೋರಾಗಿ ಅಲ್ಲಾಡಿಸಿದಳು.

ಎದುರುಮನೆ ಚನ್ನವೀರಮ್ಮ ಹೊರಗೆ ಬಂದಳು. "ಏನಬೇ ಅದು ಸಪ್ಪಳ?"

ಹುಲುಗಮ್ಮ ಒಳಗೆ ಗಂಡನ ಕಡೆ ತಿರುಗಿದಳು. "ಕೇಳಾಕತ್ಯಾರ. ನೀವ ಹೇಳ್ರಿ."