ಮೊಣಕಾಲ ಮೇಲೆ ಎರಡು ಕೈ

ಫುಟ್‌ಬಾಲ್ ರೆಫರಿ ಎಷ್ಟೇ ದಣಿದಿದ್ದರೂ ಮೈದಾನದಲ್ಲಿ ಬಗ್ಗಬಾರದು. ತೇಜಶ್ರೀಗೆ ಈ ಪಾಠ ಹೇಳಿಕೊಟ್ಟವರು ಶ್ರೀರಾಮಪ್ಪ. ಅವರು ಸೀಟಿ ಹಿಡಿದಿದ್ದ ಕಾಲದಲ್ಲಿ ಹಲಸೂರಿನ ಸುತ್ತಮುತ್ತ ಅವರಿಗೆ ಎದುರು ಮಾತಾಡಿದ ಆಟಗಾರ ಇರಲಿಲ್ಲ.

"ಮೊಣಕಾಲ ಮೇಲೆ ಕೈ ಊರ್ಕೊಂಡು ಏದುಸಿರು ಬಿಡೋ ರೆಫರಿ ಮಾತು ಯಾರಮ್ಮ ಕೇಳ್ತಾರೆ? ಆಫ್‌ಸೈಡ್ ಕೊಟ್ರೆ, ಮೊದ್ಲು ನೀನು ಓಡು ಅಂತಾರೆ. ಕತ್ತು ನೆಟ್ಟಗಿರ್ಲಿ, ಬಾಯಿ ಮುಚ್ಚಿರ್ಲಿ," ಎನ್ನುತ್ತಿದ್ದರು ಅವರು.

ಗಂಡಸರ ಪಂದ್ಯಕ್ಕೆ ಹೆಣ್ಣುಮಗಳೊಬ್ಬಳು ಸೀಟಿ ಹಿಡಿದು ಇಳಿದರೆ ಈ ಪಾಠ ಇನ್ನೂ ಬಿಗಿ. ಹಗಲು ಇಂದಿರಾನಗರದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದ ತೇಜಶ್ರೀ, ಭಾನುವಾರಗಳಲ್ಲಿ ಬೆವರು ಕಣ್ಣಿಗಿಳಿದರೂ ಗಲ್ಲ ಕೆಳಗಿಳಿಸುತ್ತಿರಲಿಲ್ಲ. ಆಟಗಾರರು ಅವಳನ್ನು ಬೆನ್ನ ಹಿಂದೆ "ಕಂಬ" ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಜನವರಿಯಲ್ಲಿ ಶಾಲೆಯ ಮಕ್ಕಳಿಗೆಲ್ಲ ಜ್ವರ ಬಂತು. ಮಕ್ಕಳು ಎರಡು ದಿನಕ್ಕೆ ಎದ್ದು ಓಡಾಡಿದರು, ಟೀಚರ್ ಮಾತ್ರ ಆಸ್ಪತ್ರೆ ಸೇರಿದಳು. ವೈರಸ್ಸು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಿತ್ತು. ಮನೆಗೆ ಬರುವಾಗ ಎಕ್ಸ್‌ರೇ ತಿಳಿಯಾಗಿತ್ತಾದರೂ ಮಹಡಿ ಮೆಟ್ಟಿಲು ಹತ್ತುವುದೇ ಒಂದು ಕೆಲಸವಾಗಿತ್ತು. ಮಾರ್ಚ್ ಕೊನೆಗೆ ರೆಫರಿಗಳ ಫಿಟ್‌ನೆಸ್ ಪರೀಕ್ಷೆ. ಅದರಲ್ಲಿ ನಪಾಸಾದವರ ಹೆಸರು ಆ ವರ್ಷದ ಪಟ್ಟಿಯಿಂದ ಹೊರಗೆ. ಈ ವರ್ಷವೇ ಅವಳಿಗೆ ಮೊದಲ ಬಾರಿ ದೊಡ್ಡ ಡಿವಿಷನ್ನಿನ ಪಂದ್ಯಗಳನ್ನು ಕೊಡುವ ಮಾತಾಗಿತ್ತು.

ಡಾಕ್ಟರು ನಿಧಾನವಾಗಿ ನಡೆಯಲು ಹೇಳಿದ್ದರು. ತೇಜಶ್ರೀ ಮೊದಲ ಬೆಳಿಗ್ಗೆಯೇ ಶೂ ಬಿಗಿದು ಹಲಸೂರು ಕೆರೆಯ ದಾರಿಯಲ್ಲಿ ಓಡಿದಳು. ಎರಡನೇ ತಿರುವಿಗೆ ಎದೆಯೊಳಗೆ ಗಾಳಿ ಸಾಲದೆ ಕಣ್ಣು ಮಂಜಾಯಿತು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನೋಡುತ್ತಿದ್ದರು. ಅವಳು ಕೈ ಹಿಂದಕ್ಕೆ ಕಟ್ಟಿ, ಗಲ್ಲ ಎತ್ತಿ, ಕೆರೆಯ ನೀರುಕಾಗೆಗಳನ್ನೇ ನೋಡಲು ನಿಂತವಳ ಹಾಗೆ ನಿಂತಳು. ಮಾರನೇ ದಿನ ತಲೆ ಬಾಚಿಕೊಳ್ಳಲೂ ತೋಳು ಏಳಲಿಲ್ಲ.

"ಯಾರನ್ನ ಗೆಲ್ಲೋಕೆ ಹೋಗಿದ್ದೆ?" ಎಂದು ತಾಯಿ ಪಿಳ್ಳಮ್ಮ ಬಾಚಣಿಗೆ ಕಿತ್ತುಕೊಂಡಳು. "ಆ ಕೆರೆ ಎಲ್ಲಿಗೂ ಓಡಿಹೋಗಲ್ಲ. ನೀನ್ಯಾಕೆ ಓಡ್ತೀಯ?"

ತಾಯಿಯ ಕಾಟಕ್ಕೇ ಅವಳು ಶಿವಾಜಿನಗರದ ಕ್ಲಿನಿಕ್ಕೊಂದಕ್ಕೆ ಹೋದದ್ದು. ಅಲ್ಲಿನ ಫಿಸಿಯೋಥೆರಪಿಸ್ಟ್ ಉಮ್ಮೆ ಕುಲ್ಸುಂ ಐವತ್ತು ದಾಟಿದ ಹೆಂಗಸು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಕಾರಿಡಾರಿನಲ್ಲಿ ಚುರುಕಾಗಿ ನಡೆಸಿದರು. ನಡಿಗೆ ಮುಗಿದಾಗ ತೇಜಶ್ರೀ ಎಂದಿನಂತೆ ನೆಟ್ಟಗೆ, ತುಟಿ ಬಿಗಿದು ನಿಂತಳು. ಕತ್ತಿನ ನರ ಮಾತ್ರ ಎದ್ದು ಕುಣಿಯುತ್ತಿತ್ತು.

"ಅರೆ, ಇಲ್ಲೇನು ಪೆರೇಡಾ?" ಎಂದರು ಕುಲ್ಸುಂ. "ಉಸಿರು ಸಿಕ್ತಾ ಇಲ್ಲ ತಾನೆ? ಯಾರಿಂದ ಮುಚ್ಚಿಡ್ತಾ ಇದ್ದೀಯಮ್ಮ?"

"ಅಭ್ಯಾಸ, ಮೇಡಂ. ನಾನು ರೆಫರಿ."

"ನಿನ್ನ ಲಂಗ್ಸಿಗೆ ಅದು ಗೊತ್ತಿಲ್ಲ. ಬಗ್ಗು."

ತೇಜಶ್ರೀ ಅಲುಗಲಿಲ್ಲ. ಕುಲ್ಸುಂ ತಾವೇ ಬಗ್ಗಿ ತೋರಿಸಿದರು. ಸೊಂಟದಿಂದ ಸ್ವಲ್ಪ ಮುಂದಕ್ಕೆ, ಎರಡೂ ಕೈ ಮೊಣಕಾಲ ಮೇಲೆ, ಭುಜ ಸಡಿಲ. ಕೈಗಳು ಊರಿದಾಗ ಭುಜ ಮತ್ತು ಕತ್ತಿನ ಸ್ನಾಯುಗಳಿಗೆ ತೋಳಿನ ಭಾರ ಇರುವುದಿಲ್ಲ, ಅವು ಎದೆಗೂಡನ್ನು ಎತ್ತಲು ನೆರವಾಗುತ್ತವೆ. ಹೊಟ್ಟೆ ಮುಂದಕ್ಕೆ ಜಾರಿ, ಎದೆಯ ತಳದಲ್ಲಿ ಉಸಿರೆಳೆಯುವ ಸ್ನಾಯುವಾದ ವಪೆಗೂ ಕೆಲಸ ಸುಲಭವಾಗುತ್ತದೆ ಎಂದು ವಿವರಿಸಿದರು. ಆಮೇಲೆ ಮೂಗಿನಿಂದ ಒಳಗೆ, ತುಟಿ ಚೂಪು ಮಾಡಿ ನಿಧಾನಕ್ಕೆ ಹೊರಗೆ.

"ಸೀಟಿ ಊದೋದು ನಿನಗೆ ನಾನು ಕಲಿಸ್ಬೇಕಾ? ಊದು, ಆದ್ರೆ ಸದ್ದು ಬರಬಾರ್ದು. ಒಳಗೆ ಹೋದದ್ದಕ್ಕಿಂತ ಹೊರಗೆ ಬರೋದು ನಿಧಾನ ಇರ್ಲಿ."

ತೇಜಶ್ರೀ ಬಗ್ಗಿದಳು. ಕೆಲವೇ ಉಸಿರಿನಲ್ಲಿ ಕತ್ತಿನ ನರ ಇಳಿಯಿತು. ಅವಳಿಗೇ ನಂಬಿಕೆ ಬರಲಿಲ್ಲ.

"ಮನೇಲಿ ಮಾಡ್ತೀನಿ, ಮೇಡಂ. ಹೊರಗೆ ಮಾತ್ರ ಆಗಲ್ಲ."

"ಉಸಿರು ಕಟ್ಟೋದು ಹೊರಗೆ, ಉಸಿರಾಡೋದು ಮನೇಲಾ?" ಎಂದು ಕುಲ್ಸುಂ ನಕ್ಕು ಮುಂದಿನದನ್ನು ಹೇಳಿದರು. ನಡೆಯುವಾಗ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಇಳಿಸಬೇಕು. ಮಾರನೇ ದಿನ ಮೈ ಬಿದ್ದುಹೋದರೆ ಹಿಂದಿನ ದಿನದ್ದು ಹೆಚ್ಚಾಯಿತೆಂದೇ ಅರ್ಥ. ಎದೆ ನೋವೋ ತಲೆ ಸುತ್ತೋ ಬಂದರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು.

ಮಾತಿನ ಪರೀಕ್ಷೆಯನ್ನು ಪಿಳ್ಳಮ್ಮ ತಾನೇ ವಹಿಸಿಕೊಂಡಳು. ಬೆಳಿಗ್ಗೆ ಮಗಳ ಜೊತೆ ಚಪ್ಪಲಿ ಸರಭರ ಮಾಡುತ್ತ ಕೆರೆ ಸುತ್ತಿಗೆ ಬರುತ್ತಿದ್ದಳು. ಅವಳದು ಒಂದೇ ಪ್ರಶ್ನೆ.

"ಇವತ್ತು ಏನ್ ಸಾರು ಮಾಡ್ಲಿ?"

"ಸೊಪ್ಪು... ಸೊಪ್ಪಿನ..."

"ಸಾರು ಅನ್ನೋಕಾಗ್ಲಿಲ್ಲ. ನಿಧಾನಕ್ಕೆ ನಡಿ."

ಫೆಬ್ರವರಿ ಮುಗಿಯುವ ಹೊತ್ತಿಗೆ ಸೊಪ್ಪಿನ ಸಾರು ಒಂದೇ ಉಸಿರಿಗೆ ಬಂತು. ಆಮೇಲೆ ನಡಿಗೆಯ ನಡುವೆ ಸ್ವಲ್ಪ ಓಟ ಸೇರಿತು. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈ ಕೊಟ್ಟು ದಂಡ, ಮೆಟ್ಟಿಲು, ಹೀಗೆ ಒಂದೊಂದೇ ಹತ್ತಿರವಾದವು. ಪಿಳ್ಳಮ್ಮ ಹಿಂದುಳಿದು ಬೆಂಚಿನಲ್ಲಿ ಕೂತು ಅಲ್ಲಿಂದಲೇ ಕೂಗಿ ಕೇಳತೊಡಗಿದಳು. ಡಾಕ್ಟರು ಇಸಿಜಿ ನೋಡಿ ಪರೀಕ್ಷೆಗೆ ಒಪ್ಪಿಗೆ ಕೊಟ್ಟರು. ಆದರೂ ಓಟದ ನಡುವೆ ಬಗ್ಗಬೇಕಾದಾಗ ತೇಜಶ್ರೀ ಹೊಂಗೆ ಮರವೊಂದರ ಹಿಂದಕ್ಕೆ ಹೋಗುತ್ತಿದ್ದಳು. ಆ ಮರ ಅವಳಿಗೆ ಬಚ್ಚಲುಮನೆಯ ಬಾಗಿಲಿನಂತಾಗಿತ್ತು.

ಪರೀಕ್ಷೆ ನಡೆದದ್ದು ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರ ಮೈದಾನದಲ್ಲಿ. ಅಲ್ಲಿ ಮರವೇ ಇರಲಿಲ್ಲ. ಶಾಮಿಯಾನದ ಕೆಳಗೆ ಪರೀಕ್ಷಕರು, ಅವರ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಳಿ ಅಂಗಿಯ ಶ್ರೀರಾಮಪ್ಪ. ನಿವೃತ್ತರಾಗಿ ವರ್ಷಗಳಾದರೂ ಈ ದಿನವನ್ನು ಅವರು ತಪ್ಪಿಸುತ್ತಿರಲಿಲ್ಲ.

"ಏನ್ ಗುರು, ಸಪೂರ ಆಗ್ಬಿಟ್ಟಿದ್ದೀಯ!" ಎಂದ ಅವಳ ಜೊತೆಯ ರೆಫರಿ ಜಗದೀಶ್. "ಸಾರ್ ನಿನ್ನನ್ನೇ ಕೇಳ್ತಾ ಇದ್ರು. ನಮ್ಮ ಕಂಬ ಬಂತಾ ಅಂತ."

ಮೊದಲು ಜೋರಿನ ಓಟಗಳು. ತೇಜಶ್ರೀ ಎಲ್ಲವನ್ನೂ ಸಮಯದೊಳಗೆ ಮುಗಿಸಿದಳು, ಕೊನೆಯದನ್ನು ಕೂದಲೆಳೆಯಲ್ಲಿ. ನಂತರ ಸ್ವಲ್ಪ ವಿರಾಮ, ಅದಾದ ಮೇಲೆ ಓಡು-ನಡಿ, ಓಡು-ನಡಿ ಎಂದು ಮೈದಾನ ಸುತ್ತುವ ಎರಡನೇ ಭಾಗ. ವಿರಾಮದಲ್ಲಿ ಸುತ್ತಲೂ ರೆಫರಿಗಳು ಕೈ ಹಿಂದೆ ಕಟ್ಟಿ, ಗಲ್ಲ ಎತ್ತಿ, ಏನೂ ಆಗಿಲ್ಲವೆಂಬಂತೆ ನಿಂತರು. ಅವಳೂ ಹಾಗೇ ನಿಂತಳು. ಎದೆ ತಿದಿಯಂತೆ ಹೊಡೆದುಕೊಳ್ಳುತ್ತಿತ್ತು, ಗಾಳಿ ಗಂಟಲಲ್ಲೇ ತಿರುಗಿ ಹೊರಗೆ ಹೋಗುತ್ತಿತ್ತು. ಹೀಗೇ ನಿಂತರೆ ವಿರಾಮ ಮುಗಿಯುವುದರೊಳಗೆ ಉಸಿರು ಹಿಂದಿರುಗುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಯಿತು. ಹಿಂದಿರುಗುವ ದಾರಿಯೂ ಗೊತ್ತಿತ್ತು. ಶಾಮಿಯಾನದ ಕಡೆ ಒಮ್ಮೆ ನೋಡಿದಳು. ಶ್ರೀರಾಮಪ್ಪ ಇತ್ತಲೇ ನೋಡುತ್ತಿದ್ದರು.

ತೇಜಶ್ರೀ ಬಗ್ಗಿದಳು. ಎರಡೂ ಕೈ ಮೊಣಕಾಲ ಮೇಲೆ.

"ತೇಜೂ, ಏಳೇ!" ಜಗದೀಶ್ ತುಟಿ ಅಲುಗಿಸದೆ ಹೇಳಿದ. "ಸಾರ್ ನೋಡ್ತಿದ್ದಾರೆ."

"ನೋಡ್ಲಿ."

"ಹುಷಾರಿಲ್ವಾ? ನೀರು ತರ್ಲಾ?"

"ಹುಷಾರಾಗಿದ್ದೀನಿ. ಮಾತಾಡಿಸ್ಬೇಡ, ಕೆಲಸದಲ್ಲಿದ್ದೀನಿ."

ಮೂಗಿನಿಂದ ಒಳಗೆ. ಸದ್ದಿಲ್ಲದ ಸೀಟಿ ಹೊರಗೆ. ಕಣ್ಣ ಮುಂದೆ ಹುಲ್ಲು, ತನ್ನ ಶೂ ಲೇಸು, ಲೇಸಿನ ಮೇಲೊಂದು ಇರುವೆ. ಇರುವೆ ಶೂ ದಾಟುವ ಹೊತ್ತಿಗೆ ಗಾಳಿ ಎದೆಯ ತಳ ಮುಟ್ಟತೊಡಗಿತು. ಕರೆ ಬಂದಾಗ ಅವಳು ನೆಟ್ಟಗಾದಳು.

ಎರಡನೇ ಭಾಗದಲ್ಲಿ ಓಟದ ಪಾಲು ಕಾಲಿನದು, ನಡಿಗೆಯ ಪಾಲು ತುಟಿಯದು. ಪ್ರತಿ ನಡಿಗೆಯಲ್ಲೂ ಅವಳು ಸಂಕೋಚವಿಲ್ಲದೆ ತುಟಿ ಚೂಪು ಮಾಡಿ ಊದಿದಳು. ಕೊನೆಯ ಸುತ್ತುಗಳಲ್ಲಿ ಗಲ್ಲ ಎತ್ತಿದವರಲ್ಲಿ ಇಬ್ಬರು ಹಿಂದೆ ಬಿದ್ದರು. ತೇಜಶ್ರೀ ಬೀಳಲಿಲ್ಲ. ಗೆರೆ ದಾಟಿ, ಯಾರ ಅಪ್ಪಣೆಗೂ ಕಾಯದೆ ಮತ್ತೆ ಬಗ್ಗಿದಳು.

ಬಿಳಿ ಅಂಗಿ ಹತ್ತಿರ ಬಂದು ನಿಂತಿತು.

"ಪಾಸಾದೆ," ಎಂದರು ಶ್ರೀರಾಮಪ್ಪ. ಮುಖ ಗಂಟಾಗಿತ್ತು. "ಆದ್ರೆ ಇದೇನಮ್ಮ ಇದು? ಪಂದ್ಯದಲ್ಲೂ ಹೀಗೇ ಬಗ್ತೀಯಾ?"

"ಬೇಕಾದ್ರೆ ಬಗ್ತೀನಿ, ಸಾರ್. ಚೆಂಡು ಹೊರಗಿದ್ದಾಗ."

"ಆಟಗಾರರು ಮೇಲೆ ಬೀಳ್ತಾರೆ."

"ಬೀಳ್ಲಿ, ಸಾರ್. ಕಾರ್ಡ್ ತೆಗೆಯೋಕೆ ನೆಟ್ಟಗಾಗೋದಕ್ಕೆ ಎಷ್ಟೊತ್ತು ಬೇಕು?"

"ನನಗಂತೂ ನೋಡಕ್ಕಾಗಲ್ಲ," ಎಂದು ಗೊಣಗಿ ಶ್ರೀರಾಮಪ್ಪ ಶಾಮಿಯಾನದ ಕಡೆ ನಡೆದರು. ದಾರಿಯಲ್ಲಿ ನಿಂತು ಪರೀಕ್ಷಕರಿಗೆ, "ಮೊದಲ ವಾರದ ಪಂದ್ಯ ಅವಳಿಗೇ ಬರ್ಕೊಳ್ರಿ," ಎಂದದ್ದು ಮಾತ್ರ ಮೈದಾನಕ್ಕೆಲ್ಲ ಕೇಳಿಸಿತು.

ಬ್ಯಾಗಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಪಿಳ್ಳಮ್ಮ ಏನಾಯಿತೆಂದು ಕೇಳಲಿಲ್ಲ.

"ರಾತ್ರಿಗೆ ಏನ್ ಮಾಡ್ಲಿ?"

"ನಾಟಿಕೋಳಿ ಸಾರು, ಮುದ್ದೆ, ಜೊತೆಗೆ ನಿಂಬೆಹಣ್ಣು ಈರುಳ್ಳಿ, ಆಮೇಲೆ ಜಗದೀಶನೂ ಬರ್ತಾನೆ ಅದಕ್ಕೆ ಎರಡು ಮುದ್ದೆ ಜಾಸ್ತಿ ಹಾಕು, ಕೋಳಿಗೆ ಮೆಣಸು ಚೆನ್ನಾಗಿ ಅರಿ," ಎಂದಳು ತೇಜಶ್ರೀ, ಎಲ್ಲೂ ನಿಲ್ಲಿಸದೆ.

"ಸರಿ. ಪಾಸಾಗಿದ್ದೀಯ," ಎಂದು ಪಿಳ್ಳಮ್ಮ ಫೋನಿಟ್ಟಳು.