ಬಲಗಿವಿ ಡಾಕ್ಟರು

ನಾನು ಬಾಯಿ ತೆರೆದರೆ ಎದುರಿಗಿದ್ದವನ ಬಾಯಿ ತಾನಾಗಿ ಮುಚ್ಚುತ್ತದೆ. ಬೇಕಾದರೆ ನಮ್ಮ ಚಿಕ್ಕಮ್ಮನನ್ನು ಕೇಳಿ. ಅಕ್ಕನ ಹೆಣವನ್ನು ನಡುಮನೆಯಲ್ಲಿ ಮಲಗಿಸಿದ್ದಾಗ, ನಾನು ಬಾಗಿಲಲ್ಲಿ ನಿಂತು, ದೊಡ್ಡ ಡಾಕ್ಟರ ಬೆವರಿಳಿಸಿದ ಕತೆಯನ್ನು ನಾಲ್ಕನೇ ಸಲ ಹೇಳುತ್ತಿದ್ದೆ.

"ಬಾಗಿಲು ಒದ್ದೆ ನೋಡಿ, ಗೋಡೆಯ ಕ್ಯಾಲೆಂಡರ್ ಉದುರಿಹೋಯ್ತು! 'ಸಾರ್, ಬೇರೆಯವರ ಎದೆ ಮೇಲೆ ಸ್ಟೆತಾಸ್ಕೋಪ್ ಇಡೋಕೆ ಮುಂಚೆ ನಿಮ್ಮ ಎದೇಲಿ ಯಾರಾದ್ರೂ ಇದ್ದಾರಾ ನೋಡ್ಕೊಳಿ! ಕ್ಯಾನ್ಸರ್ ಬಂದಿರೋದು ನಿಮ್ಮ ಕಂಪ್ಯೂಟರಿಗಲ್ಲ, ನಮ್ಮಕ್ಕಂಗೆ!' ಅಂದೆ."

"ಆಮೇಲೆ?" ಚಿಕ್ಕಮ್ಮ ಮೂಗೊರೆಸಿಕೊಳ್ಳುವುದನ್ನೇ ಮರೆತಿದ್ದಳು.

"ಆಮೇಲೇನು, ಆವಯ್ಯ ಕುರ್ಚಿ ಸಮೇತ ಗರಗರ ಅಂತ ಅಕ್ಕನ ಕಡೆ ತಿರುಗ್ದ. ಏ.ಸಿ. ರೂಮಲ್ಲಿ ಬೆವರು!"

"ತಮ್ಮ ಅಂದ್ರೆ ನೀನಪ್ಪ." ಚಿಕ್ಕಮ್ಮ ಒಳಗೆ ಕೇಳಲೆಂದೇ ದನಿ ಏರಿಸಿದಳು. "ಕೈಹಿಡಿದ ಗಂಡ ಏನು ಮಾಡ್ತಿದ್ನಂತೆ? ಡಾಕ್ಟ್ರು ಹೇಳಿದ್ದಕ್ಕೆಲ್ಲ ಕೋಲೆಬಸವನ ಥರ ತಲೆ ಆಡಿಸ್ತಿದ್ನಾ?"

ಭಾವ ಅಕ್ಕನ ಕಾಲ ಬಳಿ ಕೂತಿದ್ದರು.

* * *

ಅಕ್ಕ, ಭಾವ ಇಬ್ಬರೂ ಸೇರಿ ಆಫೀಸಿನ ತಿರುಗುವ ಕುರ್ಚಿಗಳನ್ನು ರಿಪೇರಿ ಮಾಡುತ್ತಿದ್ದರು. ಚಕ್ರ, ನಟ್ಟು, ಬೋಲ್ಟು ಭಾವನ ಪಾಲು. ಸ್ಪಂಜು, ರೆಕ್ಸಿನ್, ಹೊಲಿಗೆ ಅಕ್ಕನ ಪಾಲು. ಸವೆದ ಸೀಟು ನೋಡಿಯೇ ಕೂತವರ ಜಾತಕ ಬಿಡಿಸುತ್ತಿದ್ದಳು. "ತುದಿ ಮಾತ್ರ ಸವೆದಿದೆ ನೋಡೋ. ಈ ಮ್ಯಾನೇಜರ್ರು ಬೆಳಗ್ಗೆಯಿಂದಾನೇ ಮನೆಗೆ ಹೊರಟಿರ್ತಾರೆ."

ಕಾಯಿಲೆ ಬಂದ ಮೇಲೆ ಆ ಕಣ್ಣು ಆಸ್ಪತ್ರೆಯ ಮೇಲೆ ಬಿತ್ತು. ದೊಡ್ಡ ಡಾಕ್ಟರ ಕಂಪ್ಯೂಟರು ಗೋಡೆಯ ಪಕ್ಕಕ್ಕಿತ್ತು. ಅವರ ಮುಖ ಸದಾ ಅದರತ್ತ. ಏಳು ತಿಂಗಳಲ್ಲಿ ಅಕ್ಕನಿಗೆ ದರ್ಶನ ಕೊಟ್ಟದ್ದು ಅವರ ಬಲಗಿವಿ ಮಾತ್ರ.

"ಬಲಗಿವಿ ಏನಂತಕ್ಕ?" ಎಂದು ನಾನು ಕೇಳುತ್ತಿದ್ದೆ.

"ಪೇಶೆಂಟು ಕೀಮೋನ ಚೆನ್ನಾಗಿ ತಡ್ಕೋತಿದ್ದಾರಂತೆ. ಯಾವ ಪೇಶೆಂಟೋ, ಪುಣ್ಯವಂತೆ. ನಾನಂತೂ ಲಿಫ್ಟ್ ಹತ್ರಾನೇ ವಾಂತಿ ಮಾಡ್ಕೊಂಡೆ."

ಮೂರು ಗಂಟೆ ಕಾಯಿಸುವುದು, ಮೂರು ನಿಮಿಷ ಟೈಪು ಮಾಡುವುದು, ಮುಂದಿನ ನಂಬರು ಕರೆಯುವುದು. ಭಾವ ಏನಾದರೂ ಕೇಳಿದರೆ "ಇಂಟರ್ನೆಟ್ಟಲ್ಲಿ ಓದ್ಕೊಂಡು ಬಂದ್ರಾ?" ಎಂಬ ನಗು. ಸುತ್ತ ನಿಂತ ಮರಿ ಡಾಕ್ಟರುಗಳು ಆ ನಗೆಯನ್ನೂ ಕಾಪಿ ಹೊಡೆಯುತ್ತಿದ್ದರು. ಅಕ್ಕನಿಗೆ ಬೇಕಿದ್ದದ್ದು ಒಂದೇ ಉತ್ತರ: ಇನ್ನೆಷ್ಟು ದಿನ? ಮೂರು ಸಲ ಕೇಳಿದ್ದಳು. ಮೂರು ಸಲವೂ ಬಲಗಿವಿ, "ಮುಂದಿನ ಸ್ಕ್ಯಾನ್ ನೋಡೋಣ" ಎಂದಿತ್ತು.

ಭಾವ ಅಂಗಡಿಗೆ ಬಂದು, ನೆಟ್ಟಗಿದ್ದ ಕುರ್ಚಿಯನ್ನೂ ಬಿಚ್ಚಿ ಹಾಕುತ್ತಿದ್ದರು. "ಮುರುಕು ಕುರ್ಚಿ ತಂದ್ರೂ ನಾನು ಒಂದ್ಸಲ ಮಗುಚಿ ನೋಡ್ತೀನಲ್ಲೋ!"

"ರೇಗ್ಬೇಡಿ," ಎನ್ನುತ್ತಿದ್ದಳು ಅಕ್ಕ. "ನೀವು ಬೈದು ಬರ್ತೀರಿ. ನಾಳೆ ಅವರು ಸೂಜಿ ಚುಚ್ಚೋದು ನನಗೆ."

ಅಂದಿನಿಂದ ಭಾವನ ಬಾಯಿಗೆ ಬೀಗ.

* * *

ವ್ಯಾನು ಬಂತು. ಹೆಣ ಎತ್ತಲು ಭಾವ ತಲೆಯ ಕಡೆಗೆ ಬಂದರು. ಚಿಕ್ಕಮ್ಮ ಅಡ್ಡ ನಿಂತಳು.

"ತಲೆ ಕಡೆ ತಮ್ಮ ಹಿಡೀಲಿ. ಅವಳು ಬದುಕಿದ್ದಾಗ ಅವಳ ಪರ ನಿಂತೋನು ಅವನೊಬ್ಬನೇ."

ಭಾವ ಪಕ್ಕಕ್ಕೆ ಸರಿದರು. ಆಮೇಲೆ ನನ್ನ ಕಡೆ ನೋಡಿ, "ಬಾರಪ್ಪ. ಕತ್ತಿನ ಕೆಳಗೆ ಕೈ ಕೊಡು, ತಲೆ ವಾಲುತ್ತೆ," ಎಂದರು.

ನನ್ನ ಕೈ ಏಳಲಿಲ್ಲ.

"ಚಿಕ್ಕಮ್ಮ, ಅದು ನಾನಲ್ಲ."

"ಯಾವುದೋ?"

"ಡಾಕ್ಟ್ರನ್ನ ತಿರುಗಿಸಿದ್ದು. ಭಾವ."

ಚಿಕ್ಕಮ್ಮ ಭಾವನನ್ನು ಮೇಲಿಂದ ಕೆಳಗೆ ನೋಡಿದಳು. "ಮತ್ತೆ ನೀನ್ಯಾಕೆ ಬಾಯಿ ಬಿಡ್ಲಿಲ್ಲ, ಮಾರಾಯ?"

"ಇವನು ಹೇಳಿದ್ರೆ ಚೆನ್ನಾಗಿರೋದು," ಎಂದರು ಭಾವ. "ಅವಳು ದಿನಾ ಇವನ ಕೈಲಿ ಈ ಕತೆ ಹೇಳಿಸ್ಕೊಂಡು ನಗ್ತಿದ್ಳು."

ಭಾವ ತಲೆಯ ಕಡೆ ಹಿಡಿದರು. ನಾನು ಕಾಲಿನ ಕಡೆ ಹೋದೆ.

* * *

ಅಲ್ಲಿದ್ದವರಿಗೆ ಹೇಳಿದ್ದು ಅಷ್ಟೇ. ನಿಮಗೆ ಪೂರ್ತಿ ಹೇಳಿಬಿಡುತ್ತೇನೆ.

ಆವತ್ತು ಡಾಕ್ಟರ ರೂಮಿನಲ್ಲಿ ನಾನು ಬಾಗಿಲು ಒದೆಯಲಿಲ್ಲ. ಅಲ್ಲಿ ಕ್ಯಾಲೆಂಡರೂ ಇರಲಿಲ್ಲ. ಫೈಲನ್ನು ಎದೆಗವಚಿಕೊಂಡು ಗೋಡೆಗೆ ಹಲ್ಲಿಯ ಹಾಗೆ ಅಂಟಿದ್ದೆ. ಅಕ್ಕ ನಾಲ್ಕನೇ ಸಲ ಕೇಳಿದಳು. ಬಲಗಿವಿ ಮತ್ತೆ ಸ್ಕ್ಯಾನ್ ಎಂದಿತು.

ಭಾವ ಎದ್ದರು. ಮೇಜು ಬಳಸಿ ಹೋಗಿ, ಕುರ್ಚಿಯ ಎರಡೂ ಕೈ ಹಿಡಿದು, ಗಿರಾಕಿಗೆ ರಿಪೇರಿ ಮಾಡಿದ್ದನ್ನು ತೋರಿಸುವಷ್ಟೇ ಮೆಲ್ಲಗೆ, ಡಾಕ್ಟರ ಸಮೇತ ಅದನ್ನು ಪಕ್ಕದ ಸ್ಟೂಲಿನಲ್ಲಿದ್ದ ಅಕ್ಕನ ಕಡೆ ತಿರುಗಿಸಿದರು. ಮತ್ತೆ ತಿರುಗದಂತೆ ಅದರ ಬೆನ್ನು ಹಿಡಿದು ನಿಂತರು. ಡಾಕ್ಟರ ಮೊಣಕಾಲು ಅಕ್ಕನ ಮೊಣಕಾಲಿಗೆ ತಾಗುವಷ್ಟು ಹತ್ತಿರ.

"ಈಗ ಹೇಳಿ ಸಾರ್," ಎಂದಳು ಅಕ್ಕ.

ಡಾಕ್ಟರು ಎರಡು ಸಲ ಬಾಯಿ ತೆರೆದು ಮುಚ್ಚಿದರು. "ಎರಡು ತಿಂಗಳು. ಇನ್ನೂ ಕಮ್ಮಿ ಇರಬಹುದು."

ಅಷ್ಟು ಹೊತ್ತಿಗೆ ನನಗೆ ದನಿ ಬಂದಿತ್ತು. ಕೈ ಮುಗಿದು, "ತಪ್ಪು ತಿಳ್ಕೋಬೇಡಿ ಸಾರ್," ಎಂದೆ. "ನಮ್ಮ ಭಾವಂಗೆ ಬುದ್ಧಿ ಸ್ವಲ್ಪ ಕಮ್ಮಿ."

ಅಕ್ಕ ಡಾಕ್ಟರ ಮುಖ ಬಿಟ್ಟು, ನಿಧಾನವಾಗಿ, ನನ್ನ ಕಡೆ ತಿರುಗಿ ನೋಡಿದಳು.