ಕನ್ನಡಕ ಇಟ್ಟ ಸದ್ದು

ಡಾಕ್ಟರ ಕೊನೆಯ ದರ್ಶನಕ್ಕೆ ಬರುವವರಿಗೆಂದು ಐವತ್ತು ಕುರ್ಚಿಗೆ ಬಾಡಿಗೆ ಕೊಟ್ಟಾಗಿತ್ತು. ಕೂತವರು ಏಳು ಜನ. ಖಾಲಿ ಕುರ್ಚಿಗಳು ಎದ್ದು ಕಾಣದಿರಲೆಂದು ಡಾಕ್ಟರ ಅಕ್ಕ ಒಂದೊಂದನ್ನೇ ಮಡಚಿ ಗೋಡೆಗೆ ಒರಗಿಸುತ್ತಿದ್ದರು. ಟೈಪಿಸ್ಟ್ ಹೋಗಿ ಕೈ ಹಾಕಿದಳು.

“ನೀವ್ಯಾರಮ್ಮ?”

“ಆಸ್ಪತ್ರೆಯೋಳು. ಡಾಕ್ಟರ ರಿಪೋರ್ಟೆಲ್ಲ ನಾನೇ ಟೈಪ್ ಮಾಡ್ತಿದ್ದೆ. ಹತ್ತೊಂಬತ್ತು ವರ್ಷ.”

“ನಿಮ್ಮ ಹತ್ರ ಮಾತಾಡ್ತಿದ್ನಾ? ನಾನು ಫೋನ್ ಮಾಡಿದ್ರೆ ಬರೀ ‘ಹ್ಞೂಂ’. ಎರಡನೇ ಮಾತಿಗೆ ಕಾಸು ಕೊಡ್ಬೇಕೇನೋ ಅನ್ನೋ ಹಾಗೆ.”

“ನನ್ನ ಹತ್ರಾನೂ ಇಲ್ಲಮ್ಮ. ರೆಕಾರ್ಡರ್ ಹತ್ರ ಮಾತಾಡ್ತಿದ್ರು. ನಾನು ಕೇಳಿಸ್ಕೋತಿದ್ದೆ.”

ಆ ರೆಕಾರ್ಡರ್ ಅವಳ ಚೀಲದಲ್ಲೇ ಇತ್ತು. ಅವಳ ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು. ಡಾಕ್ಟರ ಕೈಕೆಳಗಿದ್ದ ಚಿಕ್ಕ ಡಾಕ್ಟರು ಇನ್ನೂ ಬಂದಿರಲಿಲ್ಲ.

* * *

ಡಾಕ್ಟರು ಕೂರುತ್ತಿದ್ದುದು ನೆಲಮಾಳಿಗೆಯ ಕತ್ತಲೆ ಕೋಣೆಯಲ್ಲಿ, ಅವಳು ಮೂರನೇ ಮಹಡಿಯಲ್ಲಿ. ಮುಖ ನೋಡಿದ್ದು ವರ್ಷಕ್ಕೆ ನಾಲ್ಕು ಸಲ ಇದ್ದರೆ ಹೆಚ್ಚು. ತಲೆಯಲ್ಲಿ ಗಡ್ಡೆಯಿರಬಹುದೆಂಬ ಅನುಮಾನದ ಮಕ್ಕಳ ಸ್ಕ್ಯಾನ್ ನೋಡಿ, ಕಂಡದ್ದನ್ನು ರೆಕಾರ್ಡರಿಗೆ ಹೇಳುವುದು ಅವರ ಕೆಲಸ. ಹೆಸರು ಹೇಳುತ್ತಿರಲಿಲ್ಲ. “ಬರ್ಕೋಮ್ಮ. ಹುಡುಗ, ಐದು ವರ್ಷ,” ಅಷ್ಟೆ.

ಗಡ್ಡೆ ಇದ್ದರೆ, ಕೊನೆಯ ಸಾಲಿಗೆ ಮುಂಚೆ ಟಕ್ ಎಂದು ಒಂದು ಸದ್ದು. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟದ್ದು. ಆಮೇಲೆ ಮೌನ. ಅವಳ ಬೆರಳೂ ಅಲ್ಲೇ ನಿಲ್ಲುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಇದು ತಪ್ಪಿರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ, ಅವರಿಗೂ.

ಮೊನ್ನೆಯದು ಏಳು ವರ್ಷದ ಹುಡುಗಿ. ಆರು ನಿಮಿಷ ಎಲ್ಲ ವಿವರಿಸಿ, “ಒಟ್ಟಿನಲ್ಲಿ ನನ್ನ ಅಭಿಪ್ರಾಯ” ಎಂದು ಕೊನೆಯ ಸಾಲು ಶುರುಮಾಡಿದರು. ಕುರ್ಚಿ ಸರಿದ ಸದ್ದು ಕೇಳಿಸಿತು. ಅವರಿಗೆ ಎದೆ ಹಿಡಿದು ಜೀವ ಹೋದದ್ದು ಆಗಲೇ. ಕನ್ನಡಕದ ಸದ್ದು ಮಾತ್ರ ಇರಲಿಲ್ಲ.

ಹುಡುಗಿಯ ತಾಯಿ ಅಂದಿನಿಂದ ವಾರ್ಡಿನ ಮುಂದಿನ ಬೆಂಚು ಬಿಟ್ಟಿರಲಿಲ್ಲ. ಟೈಪಿಸ್ಟ್ ಎರಡು ಸಲ ಅಲ್ಲಿವರೆಗೆ ಹೋಗಿ, ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು ವಾಪಸು ಬಂದಿದ್ದಳು. ಇಲ್ಲದ ಸದ್ದನ್ನು ನಂಬಿ ಒಬ್ಬ ತಾಯಿಗೆ ಏನೆಂದು ಹೇಳುವುದು?

* * *

ಚಿಕ್ಕ ಡಾಕ್ಟರು ಬೆವರು ಒರೆಸಿಕೊಳ್ಳುತ್ತ ಬಂದರು. “ಆ ಹುಡುಗಿ ಸ್ಕ್ಯಾನ್ ಈಗ್ತಾನೆ ಇಬ್ಬರು ಕೂತು ನೋಡಿದ್ವಿ. ಗಡ್ಡೆ ಅಲ್ಲ. ಹುಟ್ಟಿನಿಂದ ಇರೋ ನೀರುಗುಳ್ಳೆ, ಅದರಿಂದ ತೊಂದರೆ ಇಲ್ಲ. ತಾಯಿಗೆ ಹೇಳೇ ಬಂದೆ.”

“ಗೊತ್ತಿತ್ತು.”

“ಹೇಗೆ?”

“ಡಾಕ್ಟರು ಹೇಳಿದ್ರು,” ಎಂದಳು.

ಅವರಿಗೆ ಅರ್ಥವಾಗಲಿಲ್ಲ. ದುಃಖದಲ್ಲಿದ್ದಾಳೆ ಎಂದುಕೊಂಡಿರಬೇಕು, ದನಿ ತಗ್ಗಿಸಿದರು. “ಮುಂದಿನ ತಿಂಗಳಿಂದ ನಾವು ಹೇಳಿದ್ದನ್ನ ಕಂಪ್ಯೂಟರೇ ಟೈಪ್ ಮಾಡ್ಕೊಳ್ಳುತ್ತಂತೆ. ಆ ರೆಕಾರ್ಡರ್ ಅಳಿಸಿ ಸ್ಟೋರಿಗೆ ಕೊಟ್ಬಿಡಿ.”

ಅವಳು ತಲೆಯಾಡಿಸಿದಳು. ಆಮೇಲೆ ಹೋಗಿ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತು, ಇಯರ್‌ಫೋನನ್ನು ಅವರ ಕಿವಿಗೆ ಸಿಕ್ಕಿಸಿ ಗುಂಡಿ ಒತ್ತಿದಳು.

“ಅಯ್ಯೋ, ಇವನಿಗೆ ಇಷ್ಟು ಮಾತು ಬರ್ತಿತ್ತಾ?” ಎಂದರು ಅಕ್ಕ. “ಏನಂತಿದಾನೆ, ಒಂದೂ ತಿಳಿಯಲ್ಲ.”

“ಒಂದು ಮಗುಗೆ ಏನೂ ಇಲ್ಲ ಅಂತಿದಾರಮ್ಮ.”

ಹೊರಗೆ ಶವ ಒಯ್ಯುವ ವ್ಯಾನು ಬಂದು ಹಾರನ್ ಮಾಡಿತು. ಅಕ್ಕ ಕೈಯೆತ್ತಿ, ಇರು ಎಂದು ಸನ್ನೆ ಮಾಡಿದರು. ಕಣ್ಣು ಮುಚ್ಚಿ, “ಹ್ಞೂಂ,” ಎಂದರು ತಮ್ಮನಿಗೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಹ್ಞೂಂ.”